ಹಳೆಯ ವಿಳಾಸವನ್ನು ಬಿಡಲಿಲ್ಲ

ಜಿಮೇಲ್ 2004ರಲ್ಲಿ ಬಂದಾಗ ಆಹ್ವಾನವಿದ್ದವರಿಗಷ್ಟೇ ಖಾತೆ ಸಿಗುತ್ತಿತ್ತು. ಗಲ್ಫ್‌ನಲ್ಲಿದ್ದ ಗೆಳೆಯನೊಬ್ಬನ ಆಹ್ವಾನದಿಂದ ನಾನು ಆ ದಿನಗಳಲ್ಲೇ ಖಾತೆ ತೆರೆದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಶಾಲೆಗಳ ಸ್ಮರಣ ಸಂಚಿಕೆ, ತಾಳಮದ್ದಳೆಯ ಆಮಂತ್ರಣ, ಸಾಹಿತ್ಯ ಕೂಟದ ಕರಪತ್ರ, ಎಲ್ಲದರ ಅಡಿಯಲ್ಲೂ ಸಂಪರ್ಕಕ್ಕೆಂದು ಅದೇ ವಿಳಾಸ ಅಚ್ಚಾಯಿತು. ಅವುಗಳಲ್ಲಿ ಕೆಲವು ಅಂತರ್ಜಾಲಕ್ಕೂ ಏರಿದವು. ಪುಟಗಳನ್ನು ಜಾಲಾಡಿ ವಿಳಾಸ ಹೆಕ್ಕುವ ತಂತ್ರಾಂಶಗಳಿಗೆ ಅಷ್ಟು ಸಾಕು. ಒಮ್ಮೆ ಬೇಡದ ಪತ್ರ ಕಳುಹಿಸುವವರ ಪಟ್ಟಿ ಸೇರಿದ ವಿಳಾಸ ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇರುತ್ತದೆ.

ಕಳೆದ ಆಟಿ ತಿಂಗಳಲ್ಲಿ, ಹೊರಗೆ ಕಾಲಿಡಲಾಗದಂತೆ ಮಳೆ ಸುರಿಯುತ್ತಿದ್ದ ದಿನ, ತಂಗಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಥ ಬೇಡದ ಪತ್ರಗಳು ಬಂದು ಬೀಳುವ ಸ್ಪ್ಯಾಮ್ ವಿಭಾಗವನ್ನು ತೆರೆದೆ. ಸಾಲ, ಗುಳಿಗೆ, ನಾನು ತರಿಸದ ಪಾರ್ಸೆಲ್ಲಿಗೆ ಸುಂಕ. ಕೇರಳ ಲಾಟರಿಯ ಹೆಸರಿನ ಪತ್ರ ನೋಡಿ ಮಾತ್ರ ಮೈ ಉರಿಯಿತು. 1967ರಿಂದ ನಡೆಯುತ್ತಿರುವ ಆ ಲಾಟರಿಗೆ ಕಾಗದದ ಟಿಕೆಟ್ಟೇ ಆಧಾರ; ಇಮೇಲಿನಲ್ಲಿ ಬಹುಮಾನ ಹುಡುಕಿಕೊಂಡು ಬರುವುದಿಲ್ಲ. ದಿನಗೂಲಿಯಲ್ಲಿ ಟಿಕೆಟ್ ಕೊಳ್ಳುವವರ ಆಸೆಯನ್ನು ಅರಿತೇ ಹೆಣೆದ ಮೋಸ ಅದು.

"ಮಾವ, ಇದನ್ನು ಬಿಟ್ಟುಬಿಡಿ, ಹೊಸ ವಿಳಾಸ ಮಾಡಿಕೊಡುತ್ತೇನೆ" ಎಂದಳು ಅವಳು.

ಅಷ್ಟರಲ್ಲಿ ಕನ್ನಡದ ಒಂದು ಸಾಲು ಕಣ್ಣಿಗೆ ಬಿತ್ತು. ಮಸ್ಕತ್‌ನಲ್ಲಿರುವ ಹಳೆಯ ವಿದ್ಯಾರ್ಥಿನಿಯ ಪತ್ರ. ತೀರಿಹೋದ ತಂದೆ ಶಾಲೆಯ ಸಂಚಿಕೆಗೆ ಬರೆದ ಲೇಖನದ ಪ್ರತಿ ಸಿಗಬಹುದೇ ಎಂದು ಕೇಳಿದ್ದಳು. ಹೊಸ ಖಾತೆ, ಚುಟುಕು ಬರಹ, ಜೊತೆಗೊಂದು ಲಿಂಕ್: ಪತ್ರಗಳನ್ನು ಸೋಸುವ ಫಿಲ್ಟರ್‌ಗೆ ಅನುಮಾನ ಬಂದಿರಬೇಕು. ಸ್ಪ್ಯಾಮಿಗೆ ಬಿದ್ದದ್ದು 30 ದಿನ ಕಳೆದರೆ ತಾನಾಗಿ ಅಳಿಸಿಹೋಗುತ್ತದೆ. ಈ ಊರು ಬಿಟ್ಟು ಹೋದ ಎಷ್ಟೋ ಮಂದಿಗೆ ನನ್ನ ಈ ವಿಳಾಸವೊಂದೇ ಗೊತ್ತು. ಅದನ್ನು ಕಳ್ಳರಿಗೆ ಒಪ್ಪಿಸಿ ನಾನೇಕೆ ಹೊರಡಬೇಕು?

ತಂಗಿಯ ಮಗಳಿಗೆ ಮಾತು ಅರ್ಥವಾಯಿತು. ಶಾಲೆಯ ಹೆಸರೋ 'ಸಂಚಿಕೆ' ಎಂಬ ಪದವೋ ಇರುವ ಪತ್ರ ಸ್ಪ್ಯಾಮಿಗೆ ಹೋಗದಂತೆ ಫಿಲ್ಟರ್ ಬರೆದಳು. ಚಿತ್ರಗಳು ತಾವಾಗಿ ತೆರೆದುಕೊಳ್ಳದಂತೆ ಮಾಡಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದೇ ಸಾಕು, ಪತ್ರ ತೆರೆದ ಸುದ್ದಿ ಕಳುಹಿಸಿದವರಿಗೆ ಮುಟ್ಟುತ್ತದೆ. ಗುರುತಿನ ಅಂಗಡಿಗಳ ಜಾಹೀರಾತಿಗೆ, ಇನ್ನು ಕಳುಹಿಸಬೇಡಿ ಎನ್ನುವ ಅನ್‌ಸಬ್‌ಸ್ಕ್ರೈಬ್ ಒತ್ತಿದೆವು. ಅಪರಿಚಿತರ ಪತ್ರದಲ್ಲಿ ಅದನ್ನು ಮುಟ್ಟಲಿಲ್ಲ, ಒತ್ತಿದರೆ ಇಲ್ಲಿ ಓದುವವರಿದ್ದಾರೆ ಎಂದು ತಿಳಿಸಿದಂತೆ. ಅಂಥವನ್ನು ಸ್ಪ್ಯಾಮ್ ಎಂದು ವರದಿ ಮಾಡಿದೆವು.

ಸಂಜೆ ಕಪಾಟಿನಿಂದ ಸಂಚಿಕೆ ಹುಡುಕಿ ತೆಗೆದು, ಲೇಖನದ ಪುಟಗಳ ಫೋಟೊ ಹಿಡಿದು ಮಸ್ಕತ್‌ಗೆ ಕಳುಹಿಸಿದೆ. ಹಳೆಯ ಸಂಚಿಕೆಗಳಲ್ಲಿ ತಂದೆಯವರ ಬರಹ ಇನ್ನೂ ಇದೆಯೇ ಎಂದು ಅವಳು ಮತ್ತೆ ಕೇಳಿದ್ದಾಳೆ, ಹುಡುಕುತ್ತಿದ್ದೇನೆ.