ಬ್ಯಾಟರಿ ಬದಲಿಸುವ ಮೊದಲು ಕೇಬಲ್ ಬದಲಿಸಿ ನೋಡಿ: ಸರ್ವಿಸ್ ಬೆಂಚಿನ ಪಾಠಗಳು

ಫೋನ್ ಸರ್ವಿಸ್ ಬೆಂಚಿಗೆ ದಿನವೂ ಬರುವ ದೂರು ಎರಡು: "ಚಾರ್ಜ್ ಆಗ್ತಿಲ್ಲ", "ಚಾರ್ಜ್ ನಿಲ್ತಿಲ್ಲ". ಫೋನ್ ತಂದವರು ತೀರ್ಮಾನವನ್ನೂ ಜೊತೆಗೇ ತಂದಿರುತ್ತಾರೆ, "ಬ್ಯಾಟರಿ ಹೋಗಿದೆ, ಹೊಸದು ಹಾಕಿಕೊಡಿ". ಹೊಸದಾಗಿ ಕೆಲಸಕ್ಕೆ ಸೇರಿದವರು ಆ ಮಾತನ್ನೇ ಜಾಬ್ ಕಾರ್ಡಿಗೆ ಇಳಿಸಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ. ಗ್ರಾಹಕರು ಹೇಳುವುದು ಲಕ್ಷಣ ಮಾತ್ರ, ಕಾರಣ ಹುಡುಕುವುದು ನಮ್ಮ ಪಾಲಿನ ಕೆಲಸ. ಹುಡುಕುವುದಕ್ಕೆ ಒಂದು ಕ್ರಮವಿದೆ: ಕೇಬಲ್, ಚಾರ್ಜರ್, ಪೋರ್ಟ್, ಸೆಟ್ಟಿಂಗ್, ಬ್ಯಾಟರಿ, ಕಟ್ಟಕಡೆಗೆ ಬೋರ್ಡ್. ಖರ್ಚಿಲ್ಲದ್ದು ಮೊದಲು, ಬಿಚ್ಚುವುದು ಆಮೇಲೆ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಕೇಬಲ್ಲನ್ನೂ ಚಾರ್ಜರನ್ನೂ ಒಟ್ಟಿಗೆ ಬದಲಿಸಿ "ಈಗ ಸರಿ ಹೋಯ್ತು" ಅಂದರೆ ತಪ್ಪು ಯಾವುದರದ್ದು ಎಂದು ಗೊತ್ತಾಗುವುದೇ ಇಲ್ಲ.

ಟೈಪ್-ಸಿ ಕೇಬಲ್ಲಿನ ವಿಷಯದಲ್ಲಿ ಜನರ ಸಿಟ್ಟು ನ್ಯಾಯವಾದದ್ದೇ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಒಳಗೆ ಒಂದರಂತೆ ಒಂದಿಲ್ಲ. ಪೋರ್ಟಿನಲ್ಲಿ 24 ಪಿನ್‌ಗಳಿದ್ದರೂ ಫೋನಿನ ಜೊತೆ ಕೊಡುವ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜಿಂಗ್‌ನ ತಂತಿಗಳೂ ಯುಎಸ್‌ಬಿ 2.0ರ ಡೇಟಾ ತಂತಿಗಳೂ ಮಾತ್ರ ಇರುತ್ತವೆ. ಅಂಥ ಕೇಬಲ್ಲಿನಲ್ಲಿ ಡೇಟಾ ಸೆಕೆಂಡಿಗೆ 480 ಮೆಗಾಬಿಟ್ ದಾಟುವುದಿಲ್ಲ, ಫೋನ್ ಎಷ್ಟೇ ದುಬಾರಿಯದ್ದಿರಲಿ. ಚಾರ್ಜಿಂಗ್‌ನಲ್ಲೂ ಹೀಗೆಯೇ. ಎರಡೂ ತುದಿ ಟೈಪ್-ಸಿ ಇರುವ ಸಾಮಾನ್ಯ ಕೇಬಲ್ 3 ಆಂಪಿಯರ್ ತನಕ, ಅಂದರೆ 20 ವೋಲ್ಟ್‌ನಲ್ಲಿ 60 ವಾಟ್ ತನಕ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದರೆ ಪ್ಲಗ್ಗಿನೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರಬೇಕು. ತಾನು 5 ಆಂಪಿಯರ್ ತಾಳಬಲ್ಲೆನೆಂದು ಅದು ಚಾರ್ಜರಿಗೆ ತಿಳಿಸಿದರೆ ಮಾತ್ರ ಹೆಚ್ಚಿನ ಕರೆಂಟ್ ಹರಿಯುತ್ತದೆ. 2021ರಲ್ಲಿ ಪವರ್ ಡೆಲಿವರಿ ಎಂಬ ಯುಎಸ್‌ಬಿ ಚಾರ್ಜಿಂಗ್ ಮಾನದಂಡದ ಮಿತಿಯನ್ನು 240 ವಾಟ್‌ಗೆ ಏರಿಸಿದರು, ಆದರೂ ಇಷ್ಟು ವಾಟ್ ತಾಳುತ್ತದೆ ಎಂದು ಮೈಮೇಲೆ ಬರೆದಿರುವ ಕೇಬಲ್ ಕೈಗೆ ಸಿಗುವುದು ಅಪರೂಪ. ಕಂಪನಿಗಳು ಎರಡಂಕಿ ಅಚ್ಚು ಹಾಕಿದ್ದರೆ ನಮ್ಮ ಬೆಂಚಿನ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಆದ್ದರಿಂದ ಒಂದು ಯುಎಸ್‌ಬಿ ಮೀಟರ್ ಸದಾ ಕೈಯಳತೆಯಲ್ಲಿರಲಿ. ಅದನ್ನು ಚಾರ್ಜರಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸಿದರೆ ವೋಲ್ಟೇಜು, ಕರೆಂಟು ಎರಡೂ ಕಾಣುತ್ತವೆ. ಅಳೆಯುವಾಗ ಫೋನಿನ ಚಾರ್ಜ್ ಶೇಕಡಾ 20ರಿಂದ 60ರ ನಡುವೆ ಇರಬೇಕು, ಪರದೆ ಆಫ್ ಆಗಿರಬೇಕು. 80 ದಾಟಿದ ಮೇಲೆ ಕರೆಂಟನ್ನು ಫೋನೇ ಇಳಿಸುತ್ತದೆ, ಆಗ ಅಳೆದು "ನಿಧಾನ" ಎನ್ನುವಂತಿಲ್ಲ. 9 ವೋಲ್ಟ್, 2 ಆಂಪಿಯರ್ ಕಂಡರೆ 18 ವಾಟ್, ವೇಗದ ಚಾರ್ಜಿಂಗ್ ಶುರುವಾಗಿದೆ ಎಂದರ್ಥ. 5 ವೋಲ್ಟ್, 0.5 ಆಂಪಿಯರಿನಲ್ಲೇ ನಿಂತಿದ್ದರೆ ಚಾರ್ಜರಿಗೂ ಫೋನಿಗೂ ಹೊಂದಾಣಿಕೆ ಆಗಿಲ್ಲ. ಪ್ಲಗ್ಗಿನ ಬುಡದಲ್ಲಿ ಕೇಬಲ್ಲನ್ನು ಮೆಲ್ಲಗೆ ಬಾಗಿಸಿ ನೋಡಿ. ಅಂಕಿ ಕುಣಿದರೆ ಒಳಗಿನ ಎಳೆಗಳು ಹರಿದಿವೆ, ಕೇಬಲ್ ತೆಗೆದು ಬದಿಗಿಡಿ.

ಇನ್ನೊಂದು ದೂರಿಗೆ ಕಾರಣ ಗೊತ್ತಿದ್ದರೆ ಒಂದು ನಿಮಿಷದ ಕೆಲಸ. ಇಯರ್‌ಬಡ್ ಡಬ್ಬಿ, ಟ್ರಿಮ್ಮರ್, ಟೇಬಲ್ ಲೈಟಿನಂಥವು ಹಳೆಯ ಅಗಲ ಪ್ಲಗ್ಗಿನ ಕೇಬಲ್ಲಿನಲ್ಲಿ ಚಾರ್ಜ್ ಆಗುತ್ತವೆ, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಆಗುವುದಿಲ್ಲ. ಟೈಪ್-ಸಿ ಚಾರ್ಜರ್ ಎದುರಿನ ಸಾಧನವನ್ನು ಗುರುತಿಸದೆ ಕರೆಂಟ್ ಬಿಡುವುದಿಲ್ಲ. ಗುರುತಿಗೆ ಬೇಕಾದದ್ದು ಸಾಧನದ ಪೋರ್ಟಿನ ಸಿಸಿ ಪಿನ್‌ಗಳಲ್ಲಿ (ಎದುರಿಗೆ ಏನಿದೆ ಎಂದು ತಿಳಿಸುವ ಪಿನ್‌ಗಳು) 5.1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳು. ತಯಾರಕರು ಅವನ್ನು ಹಾಕದೆ ಬಿಟ್ಟರೆ ಚಾರ್ಜರ್ ಪಾಲಿಗೆ ಆ ಕಡೆ ಏನೂ ಇಲ್ಲದಂತೆ. ಸಾಧನವೂ ಕೆಟ್ಟಿಲ್ಲ, ಚಾರ್ಜರೂ ಕೆಟ್ಟಿಲ್ಲ. ಅಂಥವರಿಗೆ ಒಂದು ತುದಿ ಅಗಲ ಪ್ಲಗ್ ಇರುವ ಕೇಬಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ ಕಳಿಸಬೇಕು, ರಿಪೇರಿ ಹಣ ತೆಗೆದುಕೊಳ್ಳಬಾರದು.

ಚಾರ್ಜರಿನ ಮೈಮೇಲಿನ ಸಣ್ಣಕ್ಷರವನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳಿ. "ಔಟ್‌ಪುಟ್" ಎಂಬಲ್ಲಿ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 2.22 ಆಂಪಿಯರ್ ಎಂಬ ಸಾಲುಗಳಿರುತ್ತವೆ. ಫೋನ್ ಕೇಳುವ ವೋಲ್ಟೇಜು ಆ ಪಟ್ಟಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ 5 ವೋಲ್ಟ್‌ಗೇ ಇಳಿಯುತ್ತದೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದ 67, 80, 120 ವಾಟ್‌ಗಳು ಹೆಚ್ಚಾಗಿ ಆ ಕಂಪನಿಯದೇ ಚಾರ್ಜರು, ಆ ಕಂಪನಿಯದೇ ಕೇಬಲ್ಲು ಎರಡೂ ಇದ್ದಾಗಿನ ಲೆಕ್ಕ. ಬೇರೆ ಚಾರ್ಜರಿಗೆ ಹಾಕಿದರೆ ಅದೇ ಫೋನ್ 10 ವಾಟ್‌ಗೆ ಇಳಿಯುವುದೂ ಉಂಟು. ಡಬ್ಬದಿಂದ ಚಾರ್ಜರ್ ತೆಗೆದುಹಾಕಿದ ಮೇಲೂ ಅಂಕಿಯನ್ನು ಅಷ್ಟೇ ದೊಡ್ಡದಾಗಿ ಅಚ್ಚು ಹಾಕುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನ್‌ಗಳಿಗೆ ಟೈಪ್-ಸಿ ಕಡ್ಡಾಯ ಮಾಡಿದಾಗ, ವೇಗದ ಚಾರ್ಜಿಂಗ್ ಇರುವ ಸಾಧನ ಪವರ್ ಡೆಲಿವರಿಗೂ ಹೊಂದಬೇಕೆಂದು ಸೇರಿಸಿದ್ದು ಇದೇ ಕಾರಣಕ್ಕೆ.

ಪವರ್ ಬ್ಯಾಂಕಿನ ಅಂಕಿಯೂ ಅಷ್ಟೇ ದಾರಿ ತಪ್ಪಿಸುತ್ತದೆ. 10,000 ಮಿಲಿಆಂಪಿಯರ್-ಅವರ್ ಎಂಬುದು ಒಳಗಿನ ಸೆಲ್ಲಿನ 3.7 ವೋಲ್ಟ್‌ನಲ್ಲಿ ಹಾಕಿದ ಲೆಕ್ಕ, ಅಂದರೆ 37 ವಾಟ್-ಅವರ್. ಹೊರಗೆ ಬರುವುದು 5 ವೋಲ್ಟ್‌ನಲ್ಲಿ, ಅಲ್ಲಿಗೇ ಅದು 7,400 ಆಯಿತು. ಪರಿವರ್ತನೆಯಲ್ಲಿ ಇನ್ನಷ್ಟು ಕಳೆದು ಕೈಗೆ ಸಿಗುವುದು ಸುಮಾರು 6,000ದಿಂದ 6,500. "ಎರಡು ಸಲ ಫುಲ್ ಆಗ್ಬೇಕಿತ್ತು, ಒಂದೇ ಸಲ ಆಯ್ತು" ಎಂದು ಬೇಸರದಿಂದ ಬಂದವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸಿ.

ಈಗ ಪೋರ್ಟ್. ಪ್ಲಗ್ ಪೂರ್ತಿ ಒಳಗೆ ಹೋಗದೆ ಒಂದು ಮಿಲಿಮೀಟರಿನಷ್ಟು ಹೊರಗೆ ನಿಂತಿದ್ದರೆ, "ಟಕ್" ಎಂದು ಕೂರದಿದ್ದರೆ, ತಳದಲ್ಲಿ ಜೇಬಿನ ಬಟ್ಟೆಯ ನೂಲುಧೂಳು ಒತ್ತಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿ. ಸಪೂರ ಮಾಡಿಕೊಂಡ ಮರದ ಹಲ್ಲುಕಡ್ಡಿಯನ್ನು ಅಥವಾ ಪ್ಲಾಸ್ಟಿಕ್ ಕಡ್ಡಿಯನ್ನು ನಡುವಿನ ನಾಲಿಗೆಗೆ ತಾಗಿಸದೆ ಗೋಡೆಯ ಅಂಚಿನಲ್ಲಿ ಎಳೆದು ಕಸ ತೆಗೆಯಿರಿ. ಸೂಜಿ, ಸಿಮ್ ಪಿನ್, ಸೇಫ್ಟಿ ಪಿನ್ ಬೇಡವೇ ಬೇಡ. ನಾಲಿಗೆ ಮುರಿದರೆ, ಪಿನ್‌ಗಳು ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಬಿಟ್ಟಿ ಕೆಲಸ ದುಬಾರಿ ಕೆಲಸವಾಗುತ್ತದೆ. ಪಿನ್‌ಗಳ ಮೇಲೆ ಹಸಿರು ಕಿಲುಬು ಕಂಡರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಪೂರ್ತಿ ಆರಲು ಬಿಡಿ. ಪಿನ್ ಕಪ್ಪಾಗಿ ಸುಟ್ಟಿದ್ದರೆ ಸ್ವಚ್ಛ ಮಾಡಿ ಪ್ರಯೋಜನವಿಲ್ಲ, ಚಾರ್ಜಿಂಗ್ ಪೋರ್ಟ್ ಕೂತಿರುವ ಪುಟ್ಟ ಬೋರ್ಡನ್ನು (ಬೆಂಚಿನ ಮಾತಿನಲ್ಲಿ ಸಿಸಿ ಬೋರ್ಡ್) ಬದಲಿಸಬೇಕು. ಇನ್ನು ತೇವ ಇದೆ ಎಂದು ಫೋನ್ ಎಚ್ಚರಿಕೆ ಕೊಟ್ಟಾಗ ಅದನ್ನು ಬದಿಗೊತ್ತಿ ಚಾರ್ಜ್ ಮಾಡಿಸಿದವರ ಪೋರ್ಟೇ ಹೆಚ್ಚಾಗಿ ಹೀಗೆ ಸುಡುವುದು. ಪೋರ್ಟ್ ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಇಡಬೇಕು. ಅಕ್ಕಿಯೊಳಗೆ ಹೂತಿಟ್ಟರೆ ನೀರು ಬೇಗ ಆರುವುದಿಲ್ಲ, ಹಿಟ್ಟು ಮಾತ್ರ ಒಳಗೆ ಸೇರುತ್ತದೆ.

ಸೆಟ್ಟಿಂಗ್ ನೋಡದೆ ಫೋನ್ ಬಿಚ್ಚಬೇಡಿ. "80ಕ್ಕೇ ನಿಂತುಬಿಡುತ್ತೆ" ಎಂಬ ದೂರಿಗೆ ಬಹುತೇಕ ಬ್ಯಾಟರಿ ರಕ್ಷಣೆಯ ಆಯ್ಕೆಯೇ ಕಾರಣ. ಬಿಸಿಯಾದಾಗಲೂ ಫೋನ್ ಚಾರ್ಜಿಂಗನ್ನು ತಾನೇ ತಡೆಹಿಡಿಯುತ್ತದೆ, ತಣ್ಣಗಾದ ಮೇಲೆ ಮುಂದುವರಿಸುತ್ತದೆ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಒಂದೆರಡು ದಿನ ಚಾರ್ಜ್ ಬೇಗ ಇಳಿಯುವುದು ಸಹಜ, ಹಿನ್ನೆಲೆಯಲ್ಲಿ ಆ್ಯಪ್‌ಗಳನ್ನೂ ಫೋಟೋಗಳನ್ನೂ ಮತ್ತೆ ಜೋಡಿಸುವ ಕೆಲಸ ನಡೆಯುತ್ತಿರುತ್ತದೆ.

ಇಷ್ಟೆಲ್ಲ ದಾಟಿ ಬಂದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ತಿಂಗಳುಗಟ್ಟಲೆ ಡ್ರಾಯರಿನಲ್ಲಿದ್ದ ಫೋನನ್ನು ಒಮ್ಮೆಲೇ ಡೆಡ್ ಎನ್ನಬೇಡಿ, ಕಡಿಮೆ ವಾಟ್‌ನ ಚಾರ್ಜರಿಗೆ ಅರ್ಧ ಗಂಟೆ ಹಾಕಿಟ್ಟು ನೋಡಿ. ಚಾರ್ಜ್ ಶೇಕಡಾ 30 ತೋರಿಸುತ್ತಿರುವಾಗಲೇ ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗುವುದು ಹಳೆಯ ಬ್ಯಾಟರಿಯ ಖಚಿತ ಲಕ್ಷಣ. ಲಿಥಿಯಂ ಸೆಲ್ ಹಳೆಯದಾದಂತೆ ಒಳಗಿನ ರೋಧ ಏರುತ್ತದೆ. ಕ್ಯಾಮೆರಾ, ಫ್ಲ್ಯಾಶ್, ಪ್ರೊಸೆಸರ್ ಒಟ್ಟಿಗೆ ಕರೆಂಟ್ ಎಳೆದಾಗ ವೋಲ್ಟೇಜು ಕ್ಷಣದಲ್ಲಿ ಕುಸಿಯುತ್ತದೆ, ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದರೆ ಫೋನ್ ಆರಿಹೋಗುತ್ತದೆ. ಚಳಿಯಲ್ಲಿ ಇದು ಇನ್ನೂ ಬೇಗ.

ಆ್ಯಪಲ್ ಪ್ರಕರಣದ ಹಿಂದೆ ಇದ್ದದ್ದು ಇದೇ ಸಂಗತಿ. ಹಳೆಯ ಬ್ಯಾಟರಿಯ ಐಫೋನ್‌ಗಳು ದಿಢೀರ್ ಆಫ್ ಆಗದಿರಲಿ ಎಂದು ಅಪ್‌ಡೇಟಿನಲ್ಲಿ ಪ್ರೊಸೆಸರ್ ವೇಗವನ್ನು ಇಳಿಸಿದ್ದೇವೆಂದು ಕಂಪನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29ಕ್ಕೆ ಇಳಿಸಿತು. 2018ರ ಐಒಎಸ್ 11.3ರಲ್ಲಿ ಬ್ಯಾಟರಿ ಆರೋಗ್ಯ ತೋರಿಸುವ ಪುಟ ಬಂತು. ಬಳಕೆದಾರರಿಗೆ ತಿಳಿಸಲಿಲ್ಲವೆಂದು ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿತು. ತಾಂತ್ರಿಕವಾಗಿ ನೋಡಿದರೆ ವೇಗ ಇಳಿಸಿದ್ದಕ್ಕೆ ಕಾರಣವಿತ್ತು, ಹೇಳದೆ ಇಳಿಸಿದ್ದು ತಪ್ಪು. ಒಂದು ಬ್ಯಾಟರಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಫೋನನ್ನೇ ಕೊಳ್ಳುವಂತಾಗುವುದು ಹೀಗೆ ಮುಚ್ಚಿಡುವುದರಿಂದಲೇ. ನಿಧಾನವಾಯಿತೆಂದು ಬಂದ ಯಾವ ಹಳೆಯ ಫೋನಿನಲ್ಲೂ ಬ್ಯಾಟರಿ ಆರೋಗ್ಯವನ್ನು ಮೊದಲು ನೋಡಿ, 80ಕ್ಕಿಂತ ಕೆಳಗಿದ್ದರೆ ಬದಲಿಸುವ ಮಾತಾಡಿ. ಐಫೋನ್ 15ರಿಂದೀಚೆಗೆ ಸೈಕಲ್ ಎಣಿಕೆಯೂ, ಅಂದರೆ ಪೂರ್ತಿ ಚಾರ್ಜಿನಷ್ಟು ಬಳಕೆ ಎಷ್ಟು ಸಲ ಆಗಿದೆ ಎಂಬ ಲೆಕ್ಕವೂ, ಸೆಟ್ಟಿಂಗ್‌ನಲ್ಲೇ ಸಿಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನ್‌ಗಳ ಬ್ಯಾಟರಿ 800 ಸೈಕಲ್ ಆದಮೇಲೂ ಶೇಕಡಾ 80 ಸಾಮರ್ಥ್ಯ ಉಳಿಸಿಕೊಂಡಿರಬೇಕು ಎಂಬುದು ನಿಯಮ.

ಬದಲಿಸುವಾಗ ಚಾರ್ಜನ್ನು ಮೊದಲು 25ಕ್ಕಿಂತ ಕೆಳಗಿಳಿಸಿಕೊಳ್ಳಿ. ತುಂಬಿದ ಸೆಲ್ಲಿಗೆ ಚುಚ್ಚಿದರೆ ಬೆಂಕಿಯ ಅಪಾಯ ಹೆಚ್ಚು. ಬಿಚ್ಚಿದ ಸ್ಕ್ರೂಗಳನ್ನು ಕಾಗದದ ಮೇಲೆ ಫೋನಿನ ಚಿತ್ರ ಬರೆದು ಅದೇ ಜಾಗದಲ್ಲಿ ಅಂಟಿಸಿಡಿ. ಉದ್ದದಲ್ಲಿ ಮಿಲಿಮೀಟರಿನ ಕೆಲವೇ ಹತ್ತನೇ ಭಾಗ ವ್ಯತ್ಯಾಸವಿರುವ ಸ್ಕ್ರೂಗಳು ಅಕ್ಕಪಕ್ಕದಲ್ಲೇ ಇರುತ್ತವೆ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಅದು ಬೋರ್ಡಿನೊಳಗಿನ ತಾಮ್ರದ ಗೆರೆಯನ್ನೇ ಕತ್ತರಿಸುತ್ತದೆ. ಒಳಗೆ ಮೊದಲು ಕಳಚಬೇಕಾದದ್ದು ಬ್ಯಾಟರಿಯ ಕನೆಕ್ಟರ್, ಡಿಸ್‌ಪ್ಲೇಯದ್ದು ಆಮೇಲೆ. ಈ ಕ್ರಮ ತಪ್ಪಿದರೆ ಬ್ಯಾಕ್‌ಲೈಟ್ ಸರ್ಕ್ಯೂಟು ಸುಡಬಹುದು. ಎಳೆದು ಬಿಡಿಸುವ ಅಂಟುಪಟ್ಟಿ ಇದ್ದರೆ ಮೇಲಕ್ಕೆತ್ತದೆ ಫೋನಿಗೆ ಸಮಾನಾಂತರವಾಗಿ, ನಿಧಾನವಾಗಿ ಎಳೆಯಿರಿ. ಪಟ್ಟಿ ತುಂಡಾದರೆ ಆಲ್ಕೋಹಾಲಿನ ಕೆಲವು ಹನಿ ಅಂಚಿಗೆ ಬಿಟ್ಟು, ಒಂದೆರಡು ನಿಮಿಷ ಕಾದು, ಪ್ಲಾಸ್ಟಿಕ್ ಕಾರ್ಡ್ ತೂರಿಸಿ. ಲೋಹದ ಪಟ್ಟಿಯಿಂದ ಮೀಟಬಾರದು, ಸೆಲ್ಲನ್ನು ಬಾಗಿಸಲೂಬಾರದು. ಊದಿಕೊಂಡ ಬ್ಯಾಟರಿಗೆ ಬಿಸಿ ತೋರಿಸಬೇಡಿ, ಒತ್ತಬೇಡಿ, ಚಾರ್ಜಿಗೆ ಹಾಕಿ ಪರೀಕ್ಷಿಸಬೇಡಿ. ಬಿಡಿಸಿದ ಮೇಲೆ ಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯಕ್ಕೆ ಕಳಿಸಿ, ಕಸದ ಬುಟ್ಟಿಗೆ ಹಾಕಬೇಡಿ.

ಮೂಲದಷ್ಟೇ ಅಳತೆಯಿದ್ದು ಒಂದೂವರೆ ಪಟ್ಟು ಸಾಮರ್ಥ್ಯ ಎಂದು ಮುದ್ರಿಸಿರುವ ಬ್ಯಾಟರಿಯನ್ನು ನಂಬಬೇಡಿ, ಅಷ್ಟು ಜಾಗದಲ್ಲಿ ಅಷ್ಟೊಂದು ಹಿಡಿಸಲು ಸಾಧ್ಯವಿಲ್ಲ. ಹೊಸದು ಹಾಕಿಯೂ ಚಾರ್ಜ್ ನಿಲ್ಲದಿದ್ದರೆ ಡಿಸಿ ಪವರ್ ಸಪ್ಲೈಯಿಂದ ಸುಮಾರು 4 ವೋಲ್ಟ್ ಕೊಟ್ಟು, ಪವರ್ ಬಟನ್ ಒತ್ತುವ ಮೊದಲೇ ಆಂಪಿಯರ್ ನೋಡಿ. ಆಫ್ ಇರುವ ಫೋನ್ ಸೊನ್ನೆಯ ಹತ್ತಿರವೇ ಇರಬೇಕು. ಆಗಲೇ 50-100 ಮಿಲಿಆಂಪಿಯರ್ ಎಳೆಯುತ್ತಿದ್ದರೆ ಬೋರ್ಡಿನಲ್ಲಿ ಕರೆಂಟ್ ಸೋರಿಕೆ ಇದೆ, ಮತ್ತೆಷ್ಟು ಬ್ಯಾಟರಿ ಬದಲಿಸಿದರೂ ಅಷ್ಟೇ.

ಬಿಡಿಭಾಗಗಳಿಗೆ ಸಾಫ್ಟ್‌ವೇರ್ ಬೀಗ ಹಾಕುವುದು ಈ ಕೆಲಸದಲ್ಲಿ ಅತಿ ಹೆಚ್ಚು ನೋವು ಕೊಡುವ ಸಂಗತಿ. ಅದೇ ಮಾದರಿಯ ಇನ್ನೊಂದು ಫೋನಿನಿಂದ ತೆಗೆದ ಅಸಲಿ ಭಾಗವನ್ನು ಕೂರಿಸಿದರೂ "ಗುರುತಿಸಲಾಗದ ಭಾಗ" ಎಂಬ ಸಂದೇಶ ಬರಬಹುದು, ಬ್ಯಾಟರಿ ಆರೋಗ್ಯದ ಅಂಕಿ ಮಾಯವಾಗಬಹುದು. ಗ್ರಾಹಕರ ಕಣ್ಣಿಗೆ ಆಗ ನಾವೇ ನಕಲಿ ಹಾಕಿದಂತೆ. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ ಈ ಪದ್ಧತಿಗೆ ತಡೆ ಹಾಕುವ ಕಾನೂನು ಮಾಡಿತು. ಅದು ಎಲ್ಲೆಡೆ ಬರಬೇಕು. ಅಲ್ಲಿಯವರೆಗೆ ಈ ಸಂದೇಶ ಬರಬಹುದೆಂದು ಕೆಲಸಕ್ಕೆ ಮೊದಲೇ ಹೇಳಿ, ಜಾಬ್ ಕಾರ್ಡಿನಲ್ಲಿ ಬರೆದು, ಸಹಿ ಹಾಕಿಸಿಕೊಳ್ಳಿ. ಮೀಟರಿನಲ್ಲಿ ಕಂಡ ವೋಲ್ಟ್, ಆಂಪಿಯರನ್ನೂ ಅಲ್ಲೇ ಬರೆಯಿರಿ, ಕೆಲಸಕ್ಕೆ ಮೊದಲಿನದು ಒಂದು, ನಂತರದ್ದು ಒಂದು.

ಬ್ಯಾಟರಿ ಬದಲಿಸಲು ಪಾಸ್‌ವರ್ಡ್ ಬೇಡ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ದುರಸ್ತಿಗೆಂದೇ ಒಂದು ಮೋಡ್ ಇದೆ, ಅದನ್ನು ಆನ್ ಮಾಡಿದರೆ ಫೋಟೋ, ಸಂದೇಶಗಳು ನಮಗೆ ಕಾಣುವುದಿಲ್ಲ. ಗ್ರಾಹಕರ ಕೈಯಿಂದಲೇ ಅದನ್ನು ಆನ್ ಮಾಡಿಸಿ. ಆ ಸೌಲಭ್ಯವಿಲ್ಲದ ಫೋನಿನಲ್ಲಿ ಲಾಕ್ ಪರದೆಯಿಂದಲೇ ಕ್ಯಾಮೆರಾ, ಟಾರ್ಚ್, ಟಚ್, ಚಾರ್ಜಿಂಗ್ ಚಿಹ್ನೆ ಇಷ್ಟನ್ನೂ ಪರೀಕ್ಷಿಸಬಹುದು. ಉಳಿದದ್ದನ್ನು ಫೋನ್ ಒಯ್ಯಲು ಬಂದವರ ಎದುರಿಗೆ, ಅವರೇ ಲಾಕ್ ತೆಗೆದ ಮೇಲೆ ನೋಡಿ.