ಎರೆಭೂತದ ಚೀಟಿ, ಅಂಚಿನಲ್ಲೊಂದು ಪೆನ್ಸಿಲ್ ಟಿಪ್ಪಣಿ

ಹಕ್ಕಿಗಳ ಅಂಚೆಚೀಟಿ ಕೂಡಿಡುವವರಲ್ಲಿ ಹೆಚ್ಚಿನವರು ದೇಶವಾರು ಇಲ್ಲವೇ ಹಕ್ಕಿಯ ಕುಟುಂಬವಾರು ಆಲ್ಬಮ್ ಜೋಡಿಸುತ್ತಾರೆ. ನಾನು ಅಳಿವಿನಂಚಿನ ಉಷ್ಣವಲಯದ ಹಕ್ಕಿಗಳ ಚೀಟಿಗಳನ್ನು ಮಾತ್ರ ಸಂಗ್ರಹಿಸುವುದರಿಂದ, ಅವು ಬಿಡುಗಡೆಯಾದ ವರ್ಷದ ಕ್ರಮದಲ್ಲಿಟ್ಟು, ಆ ಹಕ್ಕಿಯ ಗತಿ ಅಲ್ಲಿಂದೀಚೆಗೆ ಏನಾಯಿತೆಂಬುದನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತೇನೆ. ಚೀಟಿ ಒಂದು ದಿನಾಂಕಕ್ಕೆ ನಿಂತುಬಿಡುತ್ತದೆ, ಹಕ್ಕಿಯ ಕಥೆ ಮುಂದುವರಿಯುತ್ತದೆ. ಇವೆರಡನ್ನೂ ಒಟ್ಟಿಗೆ ಓದಲು ಬಾರದಿದ್ದರೆ ಆಲ್ಬಮ್ ಬರಿಯ ಚಿತ್ರಗಳ ಪುಸ್ತಕವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ಅಂಚೆ ಇಲಾಖೆ 2006ರ ಅಕ್ಟೋಬರಿನಲ್ಲಿ ಹೊರತಂದ ನಾಲ್ಕು ಚೀಟಿಗಳ ಸರಣಿಯನ್ನೇ ನೋಡಿ. ಅದರಲ್ಲಿ ಮಣಿಪುರದ ಪೊದೆ ಲಾವುಗೆ, ಲೆಸ್ಸರ್ ಫ್ಲೋರಿಕನ್, ನೀಲಗಿರಿಯ ನಗೆಮಲ್ಲ ಹಾಗೂ ದೊಡ್ಡ ಅಡ್ಜುಟಂಟ್ ಕೊಕ್ಕರೆ ಇವೆ. ಒಂದೇ ದಿನ ಬಿಡುಗಡೆಯಾದ ಈ ಹಕ್ಕಿಗಳಲ್ಲಿ ಎರಡರ ದಾರಿ ಪೂರ್ತಿ ಬೇರೆಯಾಯಿತು. ಹುಲ್ಲುಗಾವಲನ್ನೇ ನಂಬಿದ ಫ್ಲೋರಿಕನ್ 2021ರಲ್ಲಿ, ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ತೀವ್ರ ಅಪಾಯದ ಪಟ್ಟಿಗೆ ಜಾರಿತು. ಅಸ್ಸಾಮಿನಲ್ಲಿ ‘ಹರ್ಗಿಲಾ’ ಎಂದು ಕರೆಯುವ ಕೊಕ್ಕರೆಯಾದರೋ, ವನ್ಯಜೀವಿ ವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಅವರೊಂದಿಗೆ ಹಳ್ಳಿಯ ಹೆಣ್ಣುಮಕ್ಕಳು ಕೈಜೋಡಿಸಿ ಗೂಡಿನ ಮರಗಳನ್ನು ಕಾಯ್ದದ್ದರಿಂದ ಚೇತರಿಸಿಕೊಂಡು, 2023ರಲ್ಲಿ ಅಪಾಯದ ಪಟ್ಟಿಯಿಂದಲೇ ಹೊರಬಂದು ‘ಅಪಾಯದ ಸಮೀಪ’ ಎಂಬ ದರ್ಜೆಗೆ ಏರಿತು. ಆ ಪುಟದಲ್ಲಿ ನಾನು ಹಳೆಯ ಟಿಪ್ಪಣಿಯನ್ನು ಅಳಿಸಿ ಹೊಸದನ್ನು ಬರೆದಾಗ ಆದ ಸಂತೋಷ ದೊಡ್ಡದು.

ಎರೆಭೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಪುಟದಲ್ಲಿ ಅಂಥ ಸಂತೋಷವಿಲ್ಲ. ಬಸ್ಟರ್ಡ್ ಹಕ್ಕಿಗಳ ಕುರಿತು ಜೈಪುರದಲ್ಲಿ ನಡೆದ ಅಂತಾರಾಷ್ಟ್ರೀಯ ವಿಚಾರ ಸಂಕಿರಣದ ನೆನಪಿಗೆ 1980ರಲ್ಲಿ ಹೊರಬಂದ 2 ರೂಪಾಯಿ 30 ಪೈಸೆಯ ಚೀಟಿ ಅದು. ನನ್ನಲ್ಲಿರುವುದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ರದ್ದಿ ಅಂಗಡಿಯೊಂದರಲ್ಲಿ ಸಿಕ್ಕ, ನಿಜವಾಗಿ ಪ್ರಯಾಣ ಮಾಡಿದ ಲಕೋಟೆ. ಅಂಚು ಹಳದಿಯಾಗಿದೆ, ಪಕ್ಕದಲ್ಲಿ ಸಾಮಾನ್ಯ ಬಳಕೆಯ ಚೀಟಿಗಳಿವೆ, ಗುಲಬರ್ಗಾ ಎಂಬ ಹಳೆಯ ಹೆಸರಿನ ದುಂಡು ಮುದ್ರೆಯ ಅರ್ಧ ಹಕ್ಕಿಯ ಮೈಮೇಲೂ ಉಳಿದರ್ಧ ಕಾಗದದ ಮೇಲೂ ಬಿದ್ದು, 1981 ಎಂಬ ಅಂಕಿ ಸ್ಪಷ್ಟವಾಗಿ ಓದಲು ಬರುತ್ತದೆ. 1969ರಲ್ಲಿ ದೇಶದಲ್ಲಿ ಸುಮಾರು 1260 ಎಂದು ಅಂದಾಜಿಸಲಾಗಿದ್ದ ಈ ಹಕ್ಕಿ ಈಗ 150ಕ್ಕಿಂತ ಕಡಿಮೆ ಉಳಿದಿದೆ. ಅದು ಬಾಳುವ ಬಯಲು ಹೊಲವಾಯಿತು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಕಳೆದುಕೊಂಡದ್ದನ್ನು ತುಂಬಿಕೊಳ್ಳುವುದು ಕಷ್ಟ. ಸಾಲದ್ದಕ್ಕೆ, ಮುಂದಿನದನ್ನು ನೋಡುವ ದೃಷ್ಟಿ ಕಿರಿದಾದ್ದರಿಂದ ಈ ಭಾರಿ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ತೊಗರಿ ಬೆಳೆಯುವ ನಮ್ಮ ಎರೆ ಸೀಮೆಯವರಿಗೆ ಈ ಪುಟವನ್ನು ತೋರಿಸುವಾಗ ಬೇರೆ ವಿವರಣೆ ಬೇಕಾಗುವುದಿಲ್ಲ.

ಹೊರದೇಶದ ಪುಟಗಳಲ್ಲಿ ಎರಡನ್ನಷ್ಟೇ ಹೇಳುತ್ತೇನೆ. 1985ರಲ್ಲಿ ಮಾರಿಷಸ್ ವಿಶ್ವ ವನ್ಯಜೀವಿ ನಿಧಿಯ (WWF) ಪಾಂಡಾ ಗುರುತಿನೊಂದಿಗೆ ಗುಲಾಬಿ ಪಾರಿವಾಳದ ಚೀಟಿಗಳನ್ನು ತಂದಿತು. ಕೆಲವೇ ವರ್ಷಗಳಲ್ಲಿ ಕಾಡಿನಲ್ಲಿ ಸುಮಾರು ಹತ್ತೇ ಉಳಿದಿದ್ದ ಆ ಹಕ್ಕಿ, ಸಾಕಣೆ ಮತ್ತು ರಕ್ಷಣೆಯಿಂದ ಮೇಲೆದ್ದು 2018ರಲ್ಲಿ ಮೊದಲಿಗಿಂತ ಕಡಿಮೆ ಅಪಾಯದ ದರ್ಜೆಗೆ ಬಂತು. ಬ್ರೆಜಿಲ್ 1993ರಲ್ಲಿ ಮಕಾವ್ ಗಿಳಿಗಳ ನಾಲ್ಕು ಚೀಟಿ ತಂದಾಗ, ಅವುಗಳಲ್ಲೊಂದಾದ ಸ್ಪಿಕ್ಸ್ ಮಕಾವ್‌ನ ಒಂದೇ ಒಂದು ಗಂಡು ಕಾಡಿನಲ್ಲಿ ಉಳಿದಿತ್ತು. 2000ರಲ್ಲಿ ಅದೂ ಕಾಣೆಯಾಯಿತು. 2022ರಲ್ಲಿ ಸಾಕಿದ ಹಕ್ಕಿಗಳನ್ನು ಅದೇ ದೇಶದ ಬಾಹಿಯಾ ರಾಜ್ಯದ ಕುರುಚಲು ಕಾಡಿಗೆ ಬಿಡಲಾಯಿತು.

ಇಂಥ ಸರಣಿಗಳು ಸಂಗ್ರಾಹಕರಿಗೆಂದೇ ಮುದ್ರೆ ಒತ್ತಿ ಮಾರಾಟವಾಗುವುದೇ ಹೆಚ್ಚು. ಅಂಟು ಹಾಗೇ ಉಳಿದು ಮುದ್ರೆ ಮೂಲೆಯಲ್ಲಿ ಅಚ್ಚುಕಟ್ಟಾಗಿ ಬಿದ್ದಿದ್ದರೆ ಅದು ಟಪಾಲಿನಲ್ಲಿ ಹೋದದ್ದಲ್ಲ. ಚೀಟಿ ಬಿಡುಗಡೆಯಾದ ದಿನದ ಮುದ್ರೆಯಿರುವ ‘ಮೊದಲ ದಿನದ ಲಕೋಟೆ’ಗಳನ್ನು ಅವುಗಳ ಜೊತೆ ಬರುವ ಮಾಹಿತಿ ಪತ್ರಕ್ಕಾಗಿ ಇಟ್ಟುಕೊಳ್ಳುತ್ತೇನಾದರೂ, ಯಾರೋ ಯಾರಿಗೋ ಬರೆದು ಕಳಿಸಿದ ಲಕೋಟೆಗೆ ನನ್ನ ಮನಸ್ಸು ಹೆಚ್ಚು ಒಲಿಯುತ್ತದೆ.

ಕಲಬುರಗಿಯ ಬೇಸಿಗೆ ಬಳಸದ ಚೀಟಿಗಳ ಶತ್ರು. ಉಷ್ಣಾಂಶ 40 ಡಿಗ್ರಿ ದಾಟಿದಾಗ ಒಣಗಿದ ಅಂಟು ಬಿರಿದು ಚೀಟಿ ಸುರುಳಿಯಾಗುತ್ತದೆ. ಮಳೆಗಾಲದಲ್ಲಿ ಅದೇ ಅಂಟು ಪುಟಕ್ಕೆ ಹಿಡಿಯುತ್ತದೆ, ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತವೆ. ಅದಕ್ಕೇ ಆಲ್ಬಮ್‌ಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ, ಒಳಗೋಡೆಯ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತೇನೆ. ಪಿವಿಸಿ ಹಾಳೆಯನ್ನಂತೂ ಬಳಸಲೇಬಾರದು.

1988ರ ಜರ್ಡನ್ ಕೋರ್ಸರ್ ಚೀಟಿಯ ಬಳಸಿದ ಲಕೋಟೆಯನ್ನು ನಾನಿನ್ನೂ ಹುಡುಕುತ್ತಿದ್ದೇನೆ. 1900ರಿಂದ ಕಾಣದೆ 1986ರಲ್ಲಿ ಕಡಪ ಜಿಲ್ಲೆಯಲ್ಲಿ ಮತ್ತೆ ಸಿಕ್ಕ ಹಕ್ಕಿ ಅದು. ಬೀದರ್, ಯಾದಗಿರಿ, ಸುರಪುರ ಕಡೆ ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಪತ್ರಗಳಿದ್ದರೆ, ದಯವಿಟ್ಟು ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಡಿ, ಕತ್ತರಿಸಲೂ ಬೇಡಿ. ಲಕೋಟೆಯನ್ನು ಇದ್ದ ಹಾಗೆಯೇ ಇಟ್ಟು ನನಗೆ ಒಂದು ಮಾತು ತಿಳಿಸಿ.