ಶಾಮೊನಿಯಲ್ಲಿ ಹಗ್ಗ ಹಂಚಿಕೊಳ್ಳಲು ಯಾರು ಸಿಗುತ್ತಾರೆ?

'ರಷ್ಯಾದ ಎಲ್‌ಬ್ರಸ್ ಶಿಖರ ಹತ್ತಿದ್ದೀನಿ' ಅಂದವನ ಜೊತೆ ಮ್ಯೂನಿಕ್‌ನಿಂದ ಫ್ರೆಂಚ್ ಆಲ್ಪ್ಸ್‌ನ ಶಾಮೊನಿಗೆ ಹೊರಟೆ; ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತಲು ಜೊತೆಗಾರ ಬೇಕಿತ್ತು. ಫೋಟೊ, ಸರ್ಟಿಫಿಕೇಟು ಎಲ್ಲ ಭರ್ಜರಿ. ಊರ ಪಕ್ಕದ ಗಯ್ಯಾಂ ಬಂಡೆಯ ಬುಡದಲ್ಲಿ, ಹುಲ್ಲಿನ ಮೇಲೆ ನಿಲ್ಲಿಸಿ, 'ಈ ಬ್ಯಾಗು ಹಿಮದ ಬಿರುಕಿಗೆ ಬಿದ್ದಿದೆ, ಮೇಲೆತ್ತಪ್ಪ' ಅಂದೆ. ಭಾರ ಬಿದ್ದಾಗ ಹಗ್ಗವನ್ನು ಬಿಗಿಹಿಡಿಯಬೇಕಾದ ಪ್ರೂಸಿಕ್ ದಾರವನ್ನು ಹಗ್ಗಕ್ಕೆ ಒಂದೇ ಸುತ್ತು ಸುತ್ತಿದ. ಎಳೆದ ಕೂಡಲೇ ಸರ್ರನೆ ಜಾರಿತು. ಮೂರು ಸುತ್ತಾದರೂ ಬೇಕಲ್ಲವಾ ಅಂದರೆ, 'ಅಲ್ಲಿ ಗೈಡೇ ಹಾಕಿಕೊಡ್ತಿದ್ದ' ಅಂತ ಉತ್ತರ. ಅವನ ಜೊತೆಗಿನ ಪ್ಲಾನ್ ಅಲ್ಲಿಗೇ ಮುಗಿಯಿತು.

ರೂಮಿನ ಲೆಕ್ಕ ಮಾತ್ರ ಮುಗಿಯಲಿಲ್ಲ. ಇಬ್ಬರಿಗೆಂದು ಕೊಟ್ಟ ಮುಂಗಡದಲ್ಲಿ ಬಿಡಿಗಾಸೂ ವಾಪಸ್ ಇಲ್ಲ. ಬಂಕ್ ಮಂಚ, ಹಾಸುವ ಬಟ್ಟೆಗೆ ಬೇರೆ ಕಾಸು, ಒದ್ದೆ ಹಗ್ಗ ಹರವಲು ಒಂದು ಮೊಳೆಯೂ ಇಲ್ಲ. ಗೊರಕೆ, ಗದ್ದಲ ನನಗೆ ಆಗಿಬರುವುದಿಲ್ಲ. ನನ್ನಂಥವರು ಲೆ ಪ್ರಾ ಕಡೆಯ ಕ್ಯಾಂಪಿಂಗ್‌ಗೇ ಹೋಗಿ. ಟೆಂಟಿನವರಲ್ಲಿ ಹತ್ತುವವರು ಜಾಸ್ತಿ, ಮಾತು ತಾನಾಗಿ ಶುರುವಾಗುತ್ತದೆ.

ನನಗೆ ಒಳ್ಳೆಯ ಜೊತೆ ಸಿಕ್ಕಿದ್ದು ಚರ್ಚ್ ಪಕ್ಕದ ಹೈ ಮೌಂಟನ್ ಆಫೀಸಿನಲ್ಲಿ. ಹತ್ತಿ ಬಂದವರು ದಾರಿಯ ಸ್ಥಿತಿಗತಿ ಬರೆದಿಡುವ ಪುಸ್ತಕಗಳು ಅಲ್ಲಿರುತ್ತವೆ. ನಾನು ಕಾಯುತ್ತಿದ್ದ ಪುಟವನ್ನೇ ಪೋಲೆಂಡಿನ ನರ್ಸ್ ಒಬ್ಬರು ಓದುತ್ತಿದ್ದರು: ಎಗ್ವೀ ದ್ಯು ತೂರ್ ಶಿಖರದ್ದು. ನಾನು ಕೇಳುವ ಮೊದಲು ಅವರೇ ನನ್ನ ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ಕಟ್ಟುವ ಲೋಹದ ಮುಳ್ಳು) ಬೂಟಿಗೆ ಕೂರುತ್ತದಾ ಅಂತ ಪರೀಕ್ಷಿಸಿದರು, ನನ್ನ ತೂಕ ಕೇಳಿದರು. ಅದು ಕುತೂಹಲವಲ್ಲ ಮಾರಾಯ್ರೆ: ಇಬ್ಬರೇ ಹಗ್ಗ ಕಟ್ಟಿಕೊಂಡಾಗ ಭಾರದವರು ಬಿದ್ದರೆ ಹಗುರದವರನ್ನೂ ಎಳೆದುಕೊಂಡು ಹೋಗಬಹುದು. ಇಬ್ಬರ ನಡುವೆ ಹೆಚ್ಚು ಹಗ್ಗ ಬಿಟ್ಟು, ಬಿದ್ದರೆ ಹಿಮದ ಬಿರುಕಿನ ಅಂಚಿಗೆ ಸಿಕ್ಕಿ ತಡೆಯಲೆಂದು ಅದರಲ್ಲಿ ಗಂಟುಗಳನ್ನು ಹಾಕಿಕೊಂಡೆವು. ಮೂವರಾದರೆ ಇನ್ನೂ ನೆಮ್ಮದಿ.

ರಾತ್ರಿ ತಂಗಿದ ಆಲ್ಬರ್ಟ್ ಪ್ರೀಮಿಯೆ ಹಟ್ (ಹತ್ತುವವರ ತಂಗುಮನೆ) 2,702 ಮೀಟರಿನಲ್ಲಿದೆ. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ಹೇಳಿಬಿಡಿ. ಶಿಖರದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬಿಡಿ.

ಶಾಮೊನಿಯಲ್ಲಿ ಊಟಕ್ಕೆ ಡಾಕ್ಟರ್ ಪಕಾರ್ ಬೀದಿಯ ಪುಟ್ಟ ಪಾನಿನಿ ಅಂಗಡಿ. ಬಿಸಿ ಬ್ರೆಡ್ಡಿನೊಳಗೆ ಕರಗಿದ ಚೀಸು, ಟೊಮೆಟೊ, ಮೇಲೆ ಆಲೂ ಫ್ರೈಸ್ ತುರುಕಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಖಾರದ ಸಾಸ್ ಕೇಳಿ ಹಾಕಿಸಿಕೊಳ್ಳಿ. ಒಂದು ತಿಂದರೆ ರಾತ್ರಿಯವರೆಗೆ ಹೊಟ್ಟೆ ಚಕಾರವೆತ್ತುವುದಿಲ್ಲ. ಪಕ್ಕದ ಹೋಟೆಲುಗಳಲ್ಲಿ ಆ ದುಡ್ಡಿಗೆ ಸೂಪೂ ಬರದು. ನಿಂತು ತಿನ್ನಬೇಕು, ಅಷ್ಟೇ.

ಜರ್ಮನಿಯಲ್ಲಿರುವ ಕನ್ನಡಿಗರು ಮೊದಲು ಜರ್ಮನ್ ಆಲ್ಪೈನ್ ಕ್ಲಬ್ ಸದಸ್ಯರಾಗಿ. ಅವರ ಕೋರ್ಸುಗಳಲ್ಲಿ ಸಿಗುವವರು ಹಗ್ಗ ಹಿಡಿಯುವುದನ್ನು ತಿಂಗಳುಗಟ್ಟಲೆ ನೋಡಬಹುದು, ಹಟ್‌ಗಳಲ್ಲಿ ರಿಯಾಯಿತಿ, ರಕ್ಷಣಾ ವಿಮೆಯೂ ಸೇರಿರುತ್ತದೆ. ವಿಮೆ ಇಲ್ಲದೆ ಸ್ವಿಸ್ ಗಡಿ ದಾಟಿದರೆ ರಕ್ಷಣೆಯ ಹೆಲಿಕಾಪ್ಟರ್ ಬಿಲ್ಲು ನಿಮ್ಮ ತಲೆಗೇ. ಉತ್ತರಕಾಶಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಗಳಲ್ಲಿ ಬೇಸಿಕ್ ಕೋರ್ಸ್ ಮಾಡಿಬಂದವರನ್ನೂ ಹುಲ್ಲಿನ ಮೇಲೆ ಒಮ್ಮೆ ನಿಲ್ಲಿಸಿ ನೋಡಿ; ಅಲ್ಲಿ ಬೋಧಕರು ಪಕ್ಕದಲ್ಲೇ ಇರುತ್ತಾರೆ.

ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮೊಂಬ್ಲಾಂಗೆ ಗೂಟೆ ಎಂಬ ದಾರಿ ಹಿಡಿದು ನಡುವೆ ರಾತ್ರಿ ತಂಗುವುದಾದರೆ ಹಟ್ ಬುಕಿಂಗ್ ಕಡ್ಡಾಯ, ಅದೂ ಪ್ರತಿಯೊಬ್ಬರ ಹೆಸರಿನಲ್ಲಿ. ಜೊತೆಗಾರ ಪಕ್ಕಾ ಆಗುವ ಮುಂಚೆ ಹಣ ಕಟ್ಟಬೇಡಿ.